ಗಂಟಕ್ಕನವರೂ ಊರೂರ ನೆಂಟರೂ

ಮಕ್ಕಳ ಸ್ಕೌಟ್ ಮತ್ತು ಗೈಡ್ ದಳಗಳ ನಡುವೆ ಬೊಂಬೆಗಳನ್ನು ಊರಿಂದೂರಿಗೆ ಕಳಿಸುವುದೂ ಕರೆಸಿಕೊಳ್ಳುವುದೂ ಒಂದು ಕ್ಷೇತ್ರವೆನಿಸೀತೇ ಎಂದು ಸಂಶಯಪಡುವವರು ಇನ್ನೂ ಇದ್ದಾರೆ. ಅಂಥವರು ಗಂಟಕ್ಕನವರನ್ನು ಕಂಡಿಲ್ಲವೆಂದಷ್ಟೇ ಅದರ ಅರ್ಥ. ನಮ್ಮ ಜಿಲ್ಲೆಯ ದಳಗಳಲ್ಲಿ ಡೇರೆ ಹೂಡುವುದನ್ನು ಕಲಿಸಿದವರಿದ್ದಾರೆ, ಪ್ರಥಮ ಚಿಕಿತ್ಸೆ ಕಲಿಸಿದವರಿದ್ದಾರೆ, ಪಥಸಂಚಲನದಲ್ಲಿ ಎಡಗಾಲು ಯಾವುದೆಂದು ತಿಳಿಸಿಕೊಡಲು ಗಂಟಲು ಹರಿದುಕೊಂಡವರಿದ್ದಾರೆ, ಅವರೆಲ್ಲರೂ ಗೌರವಾರ್ಹರೇ. ಆದರೆ ಒಂದು ಊರಿನ ಮಗುವಿಗೆ ತಾನೆಂದೂ ಕಾಣದ ಇನ್ನೊಂದು ಊರಿನ ಮಗುವಿನ ಮೇಲೆ ನಂಟು ಹುಟ್ಟಿಸಿ, ಮೂವತ್ತೊಂದು ವರ್ಷಗಳ ಕಾಲ ಆ ನಂಟು ಸಡಿಲವಾಗದಂತೆ ನೋಡಿಕೊಂಡವರು ಗಂಟಕ್ಕನವರೊಬ್ಬರೇ. ಅವರು ವಿನಿಮಯ ಕಾರ್ಯದರ್ಶಿಯ ಸ್ಥಾನದಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ನಮ್ಮ ಪತ್ರಿಕೆಯ ಸಂಪಾದಕರು ನನಗೆ ನಾಲ್ಕು ಪುಟಗಳ ಮಿತಿ ಹಾಕಿದ್ದಾರೆ. ಪುಟಗಳ ಅಳತೆಯನ್ನು ಅವರು ಹೇಳದಿದ್ದುದರಿಂದ ನಾನು ಧೈರ್ಯವಾಗಿ ಆರಂಭಿಸುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿದೆ; ಅದು ವೇತನದ ಪಟ್ಟಿಯಲ್ಲಿ ಮಾತ್ರ ಬಳಕೆಯಲ್ಲಿತ್ತು. ಸಗಟು ಔಷಧ ಮಳಿಗೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಅವರದು ಮೂವತ್ತಾರು ವರ್ಷಗಳ ಸೇವೆ. ಗಾಜಿನ ಸೀಸೆಗಳ ಸುತ್ತ ಹುಲ್ಲು ತುರುಕಿ, ರಟ್ಟಿನ ಪೆಟ್ಟಿಗೆ ಮುಚ್ಚಿ, ಹುರಿಯಿಂದ ಬಿಗಿದು ಅವರು ಹಾಕುತ್ತಿದ್ದ ಗಂಟು ಲಾರಿಯ ಕುಲುಕಾಟಕ್ಕೂ ಕೂಲಿಯವರ ಎಸೆತಕ್ಕೂ ಜಗ್ಗುತ್ತಿರಲಿಲ್ಲವಂತೆ. ಶನಿವಾರ ಸಂಜೆ ಅದೇ ಗಂಟುಗಳನ್ನು ಗೈಡ್ ದಳದ ಹುಡುಗಿಯರಿಗೆ ಕಲಿಸುತ್ತಿದ್ದರು. ಹೀಗಾಗಿ ಗಂಟಕ್ಕ. ಅವರ ಪತಿ ಛತ್ರಿ ರಿಪೇರಿ ಅಂಗಡಿಯವರು. ಅಕ್ಕನ ಗಂಡನಾದ್ದರಿಂದ ಇಡೀ ಜಿಲ್ಲೆಯ ಮಕ್ಕಳಿಗೆ ಅವರು ಭಾವ. ಗಂಟಕ್ಕನವರ ಮುಖ ಗಂಟಿಕ್ಕಿದ್ದನ್ನು ನಾವ್ಯಾರೂ ಕಂಡವರಲ್ಲ. ಭಾವನವರು ಮಾತ್ರ, "ಅದನ್ನ ನೋಡೋ ಯೋಗ ನನಗೊಬ್ಬನಿಗೇ ಬರೆದಿದೆ" ಎನ್ನುತ್ತಿರುತ್ತಾರೆ.

ವಿನಿಮಯ ಆರಂಭವಾದದ್ದು ಜಗಳದಿಂದ. ಶಿಬಿರವೊಂದರಲ್ಲಿ ನೆರಳಿನ ಜಾಗಕ್ಕಾಗಿ ಎರಡು ದಳಗಳು ಕಿತ್ತಾಡಿ, ಮಕ್ಕಳು ಮರೆತರೂ ನಾಯಕರು ಮರೆಯದೆ, ವರ್ಷವಿಡೀ ಪರಸ್ಪರ ಮುಖ ನೋಡದಂತಾಗಿದ್ದರು. ಪ್ರತಿ ದಳಕ್ಕೂ ಒಂದು ಮ್ಯಾಸ್ಕಾಟ್, ಎಂದರೆ ದಳದ ಗುರುತಿನ ಬೊಂಬೆ, ಇರುತ್ತದಷ್ಟೆ. ಒಂದರದು ಬಟ್ಟೆಯ ಕರಡಿ, ಇನ್ನೊಂದರದು ಮರದ ಹುಂಜ. ಗಂಟಕ್ಕನವರು ಎರಡನ್ನೂ ಕೇಳಿ ಪಡೆದು, ಕರಡಿಯನ್ನು ಹುಂಜದವರಿಗೂ ಹುಂಜವನ್ನು ಕರಡಿಯವರಿಗೂ ಕೊಟ್ಟುಬಿಟ್ಟರು. "ಇವರು ನೆಂಟರು. ಮೂರು ವಾರ ನಿಮ್ಮನೇಲಿರ್ತಾರೆ. ದಿನಾ ಎಲ್ಲಿಗೆ ಕರ್ಕೊಂಡ್ ಹೋದ್ರಿ, ಏನು ತೋರಿಸಿದ್ರಿ, ಬರೆದಿಡಿ. ಬೇರೆಯವರ ಮನೆ ಮಗು, ಜೋಪಾನ" ಎಂದಷ್ಟೇ ಹೇಳಿದರಂತೆ. ಮೂರು ವಾರ ಕಳೆದು ದಿನಚರಿಗಳು ಕೈ ಬದಲಾದಾಗ ಎರಡು ದಳಗಳ ಮಕ್ಕಳೂ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತು ಓದತೊಡಗಿದರು. ನಾಯಕರಿಗೆ ನಿಲ್ಲಲು ಉಳಿದದ್ದು ಒಂದೇ ಮೂಲೆ. ಅಲ್ಲಿ ಅವರು ಮಾತಾಡಲೇಬೇಕಾಯಿತು.

ಮರುವರ್ಷ ಆರು ದಳಗಳು, ಐದನೆಯ ವರ್ಷಕ್ಕೆ ಹದಿನೈದು. ವಿದೇಶದ ದಳಗಳಿಂದಲೂ ಪತ್ರಗಳು ಬಂದವು. ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತರೊಬ್ಬರು ಸುಂಕದ ನಮೂನೆ ಹಿಡಿದು, "ಇದು ಜೀವ ಇರೋದಾ, ಇಲ್ಲದ್ದಾ?" ಎಂದು ಕೇಳಿದಾಗ ಗಂಟಕ್ಕನವರು, "ನಿಮಗೆ ಇಲ್ಲ, ಮಕ್ಕಳಿಗೆ ಇದೆ. ಯಾವ ಕಡೆ ಬರ್ಕೋತೀರೋ ಬರ್ಕೊಳ್ಳಿ" ಎಂದದ್ದು ನಮ್ಮ ವಲಯದಲ್ಲಿ ಗಾದೆಯೇ ಆಗಿಹೋಗಿದೆ. ಹೋಗುವ ನೆಂಟರೂ ಬರುವ ನೆಂಟರೂ ತಂಗುತ್ತಿದ್ದುದು ಅವರ ಎರಡು ಕೋಣೆಯ ಮನೆಯಲ್ಲೇ. "ಮನುಷ್ಯ ನೆಂಟರು ಬಂದ್ರೆ ಚಾಪೆ. ಮಂಚ ಏನಿದ್ರೂ ಕರಡಿಗೆ" ಎಂದು ಭಾವನವರು ಗೊಣಗುತ್ತಲೇ, ದಾರಿಯಲ್ಲಿ ಹರಿದ ಬೊಂಬೆಗಳನ್ನು ಛತ್ರಿಯ ಮೇಣದ ದಾರದಿಂದ ಹೊಲಿಯುತ್ತಿದ್ದರು. ಆ ಹೊಲಿಗೆ ಹಾಕಿಸಿಕೊಂಡ ಬೊಂಬೆಗಳು ಇಂದಿಗೂ ಮಳೆಗೆ ಹೆದರುವುದಿಲ್ಲ.

ಇನ್ನು ನನ್ನ ಕಥೆಗೆ ಬರುತ್ತೇನೆ. ಅದನ್ನು ಹೇಳದಿದ್ದರೆ ಈ ಲೇಖನ ಬರೆಯುವ ಅರ್ಹತೆಯೇ ನನಗಿಲ್ಲ.

ನಾನು ಬೆಳೆದದ್ದು ಬಸ್ಸಿನ ಕೊನೆಯ ನಿಲ್ದಾಣದಾಚೆಯ ಕಲ್ಲುಗಣಿಯ ವಸತಿಯಲ್ಲಿ. ಅಲ್ಲಿನ ಔಷಧಾಲಯದ ನರ್ಸಮ್ಮ ನಮ್ಮ ಗೈಡ್ ನಾಯಕಿ. ನಾವು ಆರು ಹುಡುಗಿಯರು. ಎಂಟಕ್ಕಿಂತ ಕಡಿಮೆ ಸದಸ್ಯರಿರುವ ದಳವು ವರ್ಷಕ್ಕೊಂದು ವಿನಿಮಯವನ್ನಾದರೂ ಪೂರೈಸದಿದ್ದರೆ ಅದನ್ನು ಪಟ್ಟಿಯಿಂದ ತೆಗೆದು ಪಟ್ಟಣದ ದಳದೊಂದಿಗೆ ವಿಲೀನಗೊಳಿಸತಕ್ಕದ್ದೆಂದು ನಿಯಮವಿತ್ತು. ವಿಲೀನ ಎಂಬುದು ಕಾಗದದ ಮೇಲಿನ ಮಾತು. ಪ್ರತಿ ಶನಿವಾರ ಮಗಳನ್ನು ಪಟ್ಟಣಕ್ಕೆ ಕಳಿಸಿ ಕರೆತರುವ ಪುರುಸೊತ್ತು ಗಣಿಯ ಯಾವ ತಂದೆಗೂ ಇರಲಿಲ್ಲ. ಪಟ್ಟಿಯಿಂದ ಹೋದರೆ ನಾವು ಹೋದಂತೆಯೇ.

ನಾವು ಗೋಣಿಚೀಲದಿಂದ ಕತ್ತೆಯೊಂದನ್ನು ಹೊಲಿದೆವು. ಅಪ್ಪನ ಸವೆದ ಕೈಗವಸಿನ ಬೆರಳುಗಳು ಅದಕ್ಕೆ ಕಿವಿಗಳಾದವು. ಹೆಸರೂ ಗೋಣಿಯೇ. ಉಳಿದ ದಳಗಳ ಮಿರಿಮಿರಿ ಮಿಂಚುವ ಬೊಂಬೆಗಳ ಚಿತ್ರ ನೋಡಿದ್ದ ನಮಗೆ ನಾಚಿಕೆಯಾಗಿ, ಅದನ್ನು ಪೆಟ್ಟಿಗೆಯಲ್ಲಿ ಮುಖ ಕೆಳಗೆ ಮಾಡಿ ಮಲಗಿಸಿದ್ದೆವು. ಪೆಟ್ಟಿಗೆ ಒಯ್ಯಲು ಕಲ್ಲಿನ ಲಾರಿ ಹತ್ತಿ ಬಂದಿದ್ದ ಗಂಟಕ್ಕನವರು ಮುಚ್ಚಳ ತೆರೆದು, ಗೋಣಿಯನ್ನು ಅಂಗಾತ ತಿರುಗಿಸಿ, ಎರಡೂ ಕಿವಿಗಳನ್ನು ನೇವರಿಸಿ ನೆಟ್ಟಗೆ ಮಾಡಿದರು. "ಮುಖ ಮೇಲಿರಲಿ ಮಗಳೇ. ದಾರಿ ನೋಡಬೇಕಲ್ಲ ಅದು" ಎಂದರು. ಹನ್ನೊಂದು ವರ್ಷದ ನನಗೆ ಆ ಒಂದು ಮಾತಿನಿಂದ ಎಷ್ಟು ಎತ್ತರ ಬೆಳೆದಂತಾಯಿತೆಂಬುದನ್ನು ಇಂದಿಗೂ ಅಳೆಯಲಾರೆ.

ಗೋಣಿ ಹೋದದ್ದು ಸರೋವರದ ದಂಡೆಯ ದಳಕ್ಕೆ. ಅಲ್ಲಿಂದ ನಮಗೆ ಬಂದದ್ದು ಹಳದಿ ಬಾತುಕೋಳಿ. "ನಿಮ್ಮ ಗೋಣಿ ನಮ್ಮ ದೋಣಿ ಏರಿದ" ಎಂದು ಅವರು ಬರೆದ ಕಾರ್ಡನ್ನು ನಾವು ಸರದಿಯ ಮೇಲೆ ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದೆವು. ಮೂರು ವಾರ ತುಂಬುವ ದಿನವೇ ಜಿಲ್ಲೆಯ ವಾರ್ಷಿಕ ಸಭೆ. ಇಪ್ಪತ್ತೆರಡು ದಳಗಳೂ ನೆಂಟರನ್ನು ಅಲ್ಲಿಗೇ ತಂದು ಹಿಂದಿರುಗಿಸಬೇಕು. ಹಾಜರಿಯಲ್ಲಿ ದಳದ ಹೆಸರು ಕರೆದಾಗ ಅದರ ಬೊಂಬೆಯೂ ಆತಿಥೇಯರು ಬರೆದ ದಿನಚರಿಯೂ ಮೇಜಿನ ಮೇಲಿರಬೇಕು. ಆಗ ಮಾತ್ರ ವಿನಿಮಯ ಪೂರೈಸಿದಂತೆ.

ನಾವು ಬೆಳಗ್ಗೆಯೇ ಲಾರಿಯಲ್ಲಿ ಬಂದು, ಬಾತುಕೋಳಿಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಸಭಾಭವನದ ಮುಂದಿನ ಸಾಲಿನಲ್ಲಿ ಕುಳಿತಿದ್ದೆವು. ಸರೋವರ ದಳದ ನಾಯಕರು ಬೇಕರಿಯವರು. ಬೆಳಗಿನ ಒಲೆ ಆರಿಸಿ ಮಧ್ಯಾಹ್ನದ ಬಸ್ಸಿಗೆ ಮಕ್ಕಳೊಂದಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಹನ್ನೆರಡಕ್ಕೆ ಬಸ್ ನೌಕರರು ಮುಷ್ಕರ ಹೂಡಿದರು. ಒಂದು ಗಾಲಿಯೂ ಉರುಳಲಿಲ್ಲ.

ಎರಡು ಗಂಟೆಗೆ ಭವನದ ಕಾವಲುಗಾರರ ಕೋಣೆಯಲ್ಲಿ ಫೋನ್ ಹೊಡೆದುಕೊಂಡಿತು. ಗಂಟಕ್ಕನವರು ಎತ್ತಿದರು, ನಾವು ಆರೂ ಜನ ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಗ್ಗಿದ್ದೆವು. ಬೇಕರಿಯವರ ದನಿ ನಮಗೂ ಕೇಳುವಷ್ಟು ದೊಡ್ಡದಿತ್ತು.

"ಅಕ್ಕಾ, ಬಸ್ಸಿಲ್ಲ! ಆದ್ರೆ ನಾವು ಹೊರಟ್ವಿ!"

"ಹೇಗೆ ಮಾರಾಯರೇ? ಮೂವತ್ತು ಕಿಲೋಮೀಟರು!"

"ಬ್ರೆಡ್ಡಿನ ಸೈಕಲ್ಲು! ಕತ್ತೆ ಬುಟ್ಟೀಲಿ, ನಮ್ಮ ಹುಡುಗಿ ಒಬ್ಬಳು ಹಿಂದೆ. ಕೂಡುರಸ್ತೇಲಿ ಹಾಲಿನ ವ್ಯಾನ್ ಸಿಗುತ್ತೆ ಅಂತಿದಾರೆ. ದಾರೀಲಿ ಸಿಕ್ಕ ಅಂಗಡಿಯಿಂದ ಫೋನ್ ಮಾಡ್ತಿರ್ತೀವಿ. ನೀವು ಹಾಜರಿ ಮಾತ್ರ ಮುಗಿಸಬೇಡಿ!"

ಫೋನು ಇಟ್ಟ ಗಂಟಕ್ಕನವರು ಗೋಡೆಯ ಗಡಿಯಾರ ನೋಡಿದರು, ನಮ್ಮನ್ನು ನೋಡಿದರು. "ಬರ್ತಾ ಇದಾನೆ ಗೋಣಿ" ಎಂದಷ್ಟೇ ಹೇಳಿ, ಕಾವಲುಗಾರರ ಕೈಗೆ ಸೀಮೆಸುಣ್ಣ ಕೊಟ್ಟು, ಫೋನಿನಲ್ಲಿ ಏನು ಬಂದರೂ ಭವನದ ಕಪ್ಪುಹಲಗೆಯ ಮೇಲೆ ಬರೆಯುವಂತೆ ಹೇಳಿದರು.

ಅಂದಿನ ಜಿಲ್ಲಾ ಆಯುಕ್ತರನ್ನು ಮಕ್ಕಳು ಗಡಿಯಾರ ಸಾಹೇಬರೆಂದು ಕರೆಯುತ್ತಿದ್ದರು. ಅವರು ಕೆಟ್ಟವರಲ್ಲ, ಹಾಜರಿ ನಾಲ್ಕಕ್ಕೆ ಎಂದರೆ ನಾಲ್ಕಕ್ಕೆ, ಅಷ್ಟೇ. ಹಾಜರಿಯನ್ನು ಸ್ವಲ್ಪ ತಡಮಾಡಿ ಎಂದು ನರ್ಸಮ್ಮ ಕೈಮುಗಿದು ಕೇಳಿಕೊಂಡರೂ, "ನಿಯಮ ನಾನು ಮಾಡಿದ್ದಲ್ಲ ನರ್ಸಮ್ಮ. ಇವರಿಗೊಂದು, ಅವರಿಗೊಂದು ಮಾಡೋಕಾಗಲ್ಲ" ಎಂದರು. ದಳಗಳನ್ನು ಕರೆಯುವುದು ಹುಟ್ಟಿದ ವರ್ಷದ ಕ್ರಮದಲ್ಲಿ. ನಮ್ಮದು ಎಲ್ಲರಿಗಿಂತ ಕಿರಿದಾದ್ದರಿಂದ ಕೊನೆಯದು. ಆದರೂ ಇಡೀ ಹಾಜರಿ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು. ದಿನಚರಿಗಳನ್ನು ಎತ್ತಿ ತೋರಿಸಿ, ಮೊಹರು ಒತ್ತಿ, ಕೆಳಗಿಡುವುದು ವಾಡಿಕೆ.

ಸರಿಯಾಗಿ ನಾಲ್ಕಕ್ಕೆ ಗಂಟಕ್ಕನವರು ವೇದಿಕೆ ಏರಿ, ನಿಯಮಾವಳಿಯ ಪುಸ್ತಕ ತೆರೆದು, ಆಯುಕ್ತರ ಮುಂದೆ ಹಿಡಿದರು.

"ಸಾಹೇಬ್ರೇ, ಪ್ರತಿಯೊಂದು ದಿನಚರಿಯನ್ನೂ ಕಾರ್ಯದರ್ಶಿಯು ಸಭೆಯಲ್ಲಿ ಓದತಕ್ಕದ್ದು ಅಂತಿದೆ. ತೋರಿಸತಕ್ಕದ್ದು ಅಂತಿಲ್ಲ. ಇಷ್ಟು ವರ್ಷ ನಾನೇ ತಪ್ಪು ಮಾಡ್ಕೊಂಡು ಬಂದಿದೀನಿ."

ಆಯುಕ್ತರು ಕನ್ನಡಕ ಏರಿಸಿ ಓದಿದರು. "ಪೂರ್ತೀನಾ?"

"ಅರ್ಧ ಓದಬಹುದು ಅಂತಲೂ ಇಲ್ಲ."

ಸಾಹೇಬರು ನಿಯಮದ ಮನುಷ್ಯ. ಒಂದು ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದರು. ಗಂಟಕ್ಕನವರು ಓದತೊಡಗಿದರು.

ಆ ಓದನ್ನು ಕೇಳಿದ ಯಾರೂ ಅದನ್ನು ಮರೆತಿಲ್ಲ. ಅದುವರೆಗೆ ಒಂದು ದಳದ ದಿನಚರಿ ಆ ದಳದ ಕಪಾಟು ಸೇರುತ್ತಿತ್ತೇ ಹೊರತು ಇತರರ ಕಿವಿಗೆ ಬಿದ್ದಿರಲಿಲ್ಲ. "ಮೂರನೇ ದಿನ. ಹುಂಜಕ್ಕೆ ಎರಕದ ಕಾರ್ಖಾನೆಯಲ್ಲಿ ಕಬ್ಬಿಣ ಕರಗುವುದನ್ನು ತೋರಿಸಿದೆವು. ಅದು ಕೂಗಲಿಲ್ಲ. ನಾವು ಕೂಗಿದೆವು." ಭವನದಲ್ಲಿ ನಗು ಎದ್ದಿತು. "ಎಂಟನೇ ದಿನ. ಕರಡಿಯನ್ನು ನನ್ನ ಅಜ್ಜಿಯ ಪಕ್ಕ ಕೂರಿಸಿದೆವು. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಮುಟ್ಟಿ ನೋಡಿ, ಯಾರ ಮನೆ ಮಗುವೋ, ಮೊದಲು ಕ್ಷೌರ ಮಾಡಿಸಿ ಅಂದರು." ಮಕ್ಕಳು ಬೆಂಚು ಬಡಿದು ನಕ್ಕರು. ಕರಡಿಯ ದಳದವರು ಕರಡಿಯನ್ನು ತಲೆಯ ಮೇಲೆತ್ತಿ ಹಿಡಿದರು. ಮುಂದಿನ ದಿನಚರಿಯ ನಡುವೆ ಗಡಿಯಾರ ಸಾಹೇಬರು ತಡೆಯಲಾರದೆ ಬಗ್ಗಿ, "ಒಂದ್ನಿಮಿಷ ಕಾರ್ಯದರ್ಶಿಗಳೇ. ಆ ಕರಡಿಗೆ ಕ್ಷೌರ ಮಾಡಿಸಿದ್ರಾ ಇಲ್ವಾ?" ಎಂದು ಕೇಳಿಯೇಬಿಟ್ಟರು.

ನಮ್ಮ ಆರು ಜೊತೆ ಕಣ್ಣುಗಳು ಮಾತ್ರ ಕಪ್ಪುಹಲಗೆಗೆ ನೆಟ್ಟಿದ್ದವು. ನಾಲ್ಕೂವರೆಗೆ ಕಾವಲುಗಾರರು ಬರೆದರು: "ಸೈಕಲ್ ಕೂಡುರಸ್ತೆ ಮುಟ್ಟಿತು." ಐದಕ್ಕೆ: "ಹಾಲಿನ ವ್ಯಾನ್ ಇನ್ನೂ ಬಂದಿಲ್ಲ." ಐದೂ ಕಾಲಿಗೆ ಅದನ್ನು ಒರೆಸಿ, "ಬಂತು! ಹತ್ತಿದರು!" ಎಂದು ಎರಡಂಗುಲದ ಅಕ್ಷರದಲ್ಲಿ ಬರೆದರು. ಇಡೀ ಭವನಕ್ಕೆ ವಿಷಯ ಹರಡಿತ್ತು. ಓದಿಗೆ ಒಂದು ಕಿವಿ, ಹಲಗೆಗೆ ಒಂದು ಕಣ್ಣು. ಗಂಟಕ್ಕನವರ ಗಂಟಲು ಕಟ್ಟುತ್ತ ಬಂದಿತ್ತು; ನೀರು ಗುಟುಕರಿಸಿ ಮತ್ತೆ ಓದುವರು. ಐದೂ ಮುಕ್ಕಾಲಿಗೆ ಹಲಗೆಯ ಮೇಲೆ ಬಂದ ಸಾಲು ನಮ್ಮ ಎದೆ ಒಡೆಯಿತು: "ಮುಷ್ಕರದ ಮೆರವಣಿಗೆ. ರಸ್ತೆ ಬಂದ್. ವ್ಯಾನ್ ನಿಂತಿದೆ." ಆಮೇಲೆ ಫೋನು ಮೂಕವಾಯಿತು.

ಆರೂ ಕಾಲಿಗೆ ಇಪ್ಪತ್ತನೆಯ ದಿನಚರಿ ಮುಗಿಯಿತು. ಸರೋವರ ದಳದ ಸರದಿಯಲ್ಲಿ ಗಂಟಕ್ಕನವರು ಆ ದಳ ಗೈರುಹಾಜರೆಂದು ಗುರುತಿಸಿ ಮುಂದೆ ಹೋಗಿದ್ದರು. ಉಳಿದದ್ದು ಒಂದೇ ಹೆಸರು.

"ಕಲ್ಲುಗಣಿ ದಳ."

ನರ್ಸಮ್ಮ ಎದ್ದು ನಿಂತರು. ಅವರ ಕೈ ಬರಿದಾಗಿತ್ತು. ಗಂಟಕ್ಕನವರು ವಿನಿಮಯ ಪೂರೈಸಿಲ್ಲವೆಂದು ಬರೆಯಲು ಪೆನ್ನು ಎತ್ತಿಕೊಂಡರು. ನಿಯಮದಿಂದಲೇ ಅಷ್ಟು ಹೊತ್ತು ಗಳಿಸಿದವರು ನಿಯಮವನ್ನು ಮುರಿಯುವವರಲ್ಲ. ಆ ಪೆನ್ನಿನ ತುದಿ ಕಾಗದ ಮುಟ್ಟುವ ಮುನ್ನ ಗಡಿಯಾರ ಸಾಹೇಬರು ಕೆಮ್ಮಿದರು.

"ಅಲ್ಲ ಗಂಟಕ್ಕನವರೇ, ಸರೋವರದವರು ಬಂದಿಲ್ಲ ಸರಿ. ಅವರ ಬಾತುಕೋಳಿ ಇಲ್ಲೇ ಇದೆಯಲ್ಲ, ಆ ಹುಡುಗಿ ತೊಡೆ ಮೇಲೆ? ಅದರ ದಿನಚರಿ ಓದಲೇ ಇಲ್ಲ ನೀವು. ಪ್ರತಿಯೊಂದನ್ನೂ ಓದತಕ್ಕದ್ದು ಅಂತಿದೆ."

ಚಪ್ಪಾಳೆಗೆ ಭವನವೇ ಕಿತ್ತುಹೋಗುವಂತಾಯಿತು. ಆ ದಿನಚರಿ ಬರೆದವಳು ನಾನು. ಬಾತುಕೋಳಿಯನ್ನು ಕಂಕುಳಲ್ಲಿಟ್ಟುಕೊಂಡೇ ಅದನ್ನು ವೇದಿಕೆಗೆ ಒಯ್ದು ಕೊಟ್ಟೆ. ಗಂಟಕ್ಕನವರು ಬಿರುಕುಬಿಟ್ಟ ದನಿಯಲ್ಲಿ ಓದಿದರು: "ಎರಡನೇ ದಿನ. ಬಂಡೆ ಸಿಡಿಸುವ ಸೈರನ್ ಆಯಿತು. ಬಾತುಕೋಳಿಯ ಕಿವಿ ಮುಚ್ಚಲು ಹೋದೆವು. ಕಿವಿ ಎಲ್ಲಿದೆಯೆಂದು ಗೊತ್ತಾಗದೆ ಇಡೀ ತಲೆ ಮುಚ್ಚಿದೆವು." ನಗು ನಿಲ್ಲಲು ಹೊತ್ತು ಹಿಡಿಯಿತು. ಓದು ಸಾಗಿತು. "ಇಪ್ಪತ್ತನೇ ದಿನ. ನಮ್ಮ ದಳದಲ್ಲಿ ಆರು ಜನ. ಬಾತುಕೋಳಿ ಬಂದ ಮೇಲೆ ಏಳು. ನಾಳೆ ಅದು ಹೋಗುತ್ತದೆ. ಮತ್ತೆ ಆರು." ಯಾರೂ ನಗಲಿಲ್ಲ.

ಆ ಮೌನದಲ್ಲಿ ಹೊರಗಿನಿಂದ ಸೀಟಿ ಕೇಳಿಸಿತು. ಸ್ಕೌಟ್ ಸೀಟಿಯಲ್ಲ; ಬಸ್ ಕಂಡಕ್ಟರರ ಸೀಟಿ, ಉದ್ದಕ್ಕೆ, ಉಸಿರು ಬಿಡದೆ! ಬಾಗಿಲು ದಢಾರನೆ ತೆರೆಯಿತು. ಖಾಕಿ ಅಂಗಿ ಬೆವರಿನಲ್ಲಿ ತೊಯ್ದ ಕಂಡಕ್ಟರರೊಬ್ಬರು ಬಾಯಲ್ಲಿ ಸೀಟಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ನಮ್ಮ ಗೋಣಿಯನ್ನು ಎತ್ತಿ ಹಿಡಿದುಕೊಂಡು ನಡುದಾರಿಯಲ್ಲಿ ಓಡಿ ಬಂದರು. ಅವರ ಹಿಂದೆ ಸರೋವರ ದಳದ ಹುಡುಗಿ, ಅವಳ ಹಿಂದೆ ಬೇಕರಿಯವರು, ಅವರ ಹಿಂದೆ ಮುಷ್ಕರ ಹೂಡಿದ್ದ ಹತ್ತಾರು ಡ್ರೈವರ್ ಕಂಡಕ್ಟರುಗಳು! ಮೆರವಣಿಗೆಯ ಜನ ವಿಷಯ ತಿಳಿದು ಕತ್ತೆಯನ್ನು ತಲೆಯಿಂದ ತಲೆಯ ಮೇಲೆ ದಾಟಿಸಿ, ಎಲ್ಲರಿಗಿಂತ ಚುರುಕಾದ ಈ ಕಂಡಕ್ಟರರ ಕೈಗೆ ಕೊಟ್ಟು ಓಡಿಸಿದ್ದರಂತೆ.

"ಬಸ್ ನಿಲ್ಲಿಸಿದ್ದು ನಾವೇ, ಮುಟ್ಟಿಸೋದೂ ನಾವೇ" ಎಂದು ಅವರು ಗೋಣಿಯನ್ನು ಮೇಜಿನ ಮೇಲೆ ಕೂರಿಸಿದರು. ಮೈತುಂಬ ಬ್ರೆಡ್ಡಿನ ಹಿಟ್ಟು, ಒಂದು ಕಿವಿ ಇಲ್ಲ. ಹುಡುಗಿ ಜೇಬಿನಿಂದ ಕಿವಿ ತೆಗೆದು ಪಕ್ಕದಲ್ಲಿಟ್ಟು, ಅದರ ಮೇಲೆ ದಿನಚರಿ ಇಟ್ಟಳು. ಗಡಿಯಾರ ಸಾಹೇಬರು ತಾವೇ ಎದ್ದು ಬಂದು ಮೊಹರು ಒತ್ತಿದರು. ಆ ಸದ್ದು ಯಾರಿಗೂ ಕೇಳಿಸಲಿಲ್ಲ, ಅಷ್ಟು ಗದ್ದಲ. ನಾವು ಆರು ಜನ ಅಳುತ್ತಿದ್ದೆವೋ ನಗುತ್ತಿದ್ದೆವೋ ನಮಗೇ ತಿಳಿಯಲಿಲ್ಲ. ಗಂಟಕ್ಕನವರಿಗೆ ಮಾತೇ ಹೊರಡದು. ದನಿ ಪೂರ್ತಿ ಹೋಗಿತ್ತು. ಮೂರು ದಿನ ಅವರು ಸನ್ನೆಯಲ್ಲೇ ಸಂಸಾರ ಮಾಡಿದರೆಂದೂ, ಅದು ತಮ್ಮ ದಾಂಪತ್ಯದ ಅತ್ಯಂತ ಶಾಂತಿಯ ಕಾಲವೆಂದೂ ಭಾವನವರು ದಾಖಲಿಸಿದ್ದಾರೆ.

ಬಹಳ ವರ್ಷಗಳ ನಂತರ ನಾನು ಅವರನ್ನು ಕೇಳಿದೆ: "ಅಕ್ಕಾ, ಅವತ್ತು ಬೇಕಂತಲೇ ನಿಧಾನವಾಗಿ ಓದಿದ್ರಾ?" ಅವರು ನೊಂದವರಂತೆ ನನ್ನನ್ನು ನೋಡಿದರು. "ಇಲ್ಲಮ್ಮ. ಓದೋದು ನಿಯಮ. ಎಳೆಯೋದು ಮೋಸ. ಮಕ್ಕಳ ಮುಂದೆ ಮೋಸ ಮಾಡಿ ಉಳಿಸಿದ ದಳ ಎಷ್ಟು ದಿನ ಉಳಿಯುತ್ತೆ?"

ಆ ವರ್ಷದಿಂದ ದಿನಚರಿಗಳ ವಾಚನ ನಮ್ಮ ವಾರ್ಷಿಕ ಸಭೆಯ ಮುಖ್ಯ ಆಕರ್ಷಣೆಯಾಗಿದೆ; ನಿಂತು ಕೇಳುವವರಿಗೂ ಜಾಗ ಸಾಲದು. ಕಲ್ಲುಗಣಿ ದಳಕ್ಕೆ ಮರುವರ್ಷವೇ ಮೂವರು ಹೊಸ ಹುಡುಗಿಯರು ಸೇರಿ ಒಂಬತ್ತಾದೆವು. ಈಗ ಅಲ್ಲಿ ಇಪ್ಪತ್ತೇಳು ಮಕ್ಕಳಿದ್ದಾರೆ.

ಗಂಟಕ್ಕನವರ ಸೇವೆಯಲ್ಲಿ ಸೋಲುಗಳಿರಲಿಲ್ಲವೆಂದರೆ ಅವರೇ ನನ್ನ ಕಿವಿ ಹಿಂಡಿಯಾರು. ಒಮ್ಮೆ ವಿದೇಶಕ್ಕೆ ಹೊರಟ ನರಿಯೊಂದು ದಾರಿಯಲ್ಲಿ ಕಾಣೆಯಾಯಿತು. ಅವರು ನಲವತ್ತಕ್ಕೂ ಹೆಚ್ಚು ಪತ್ರ ಬರೆದರು, ನರಿ ಸಿಗಲಿಲ್ಲ. ಅಂಥದೇ ಇನ್ನೊಂದು ಹೊಲಿಸಿ ಕೊಟ್ಟುಬಿಡಿ, ಮಕ್ಕಳಿಗೇನು ಗೊತ್ತಾಗುತ್ತದೆ ಎಂದು ಸಲಹೆ ಕೊಟ್ಟವರಿದ್ದರು. ಅವರು ಆ ದಳದ ಮಕ್ಕಳ ಮುಂದೆ ಹೋಗಿ ನಿಂತು, "ಹುಡುಕಿದೆ, ಸಿಗಲಿಲ್ಲ. ಕಟ್ಟಿ ಕಳಿಸಿದ್ದು ನಾನು, ತಪ್ಪು ನನ್ನದೇ" ಎಂದರು. ಮಕ್ಕಳು ಅತ್ತರು, ಅವರೂ ಅವರ ನಡುವೆ ನೆಲದ ಮೇಲೆ ಕುಳಿತು ಅತ್ತರು. ಆ ಗುಂಪಿನಲ್ಲಿದ್ದ ಒಬ್ಬಾಕೆ ಇಂದು ಅದೇ ದಳದ ನಾಯಕಿ.

ನಾನು ಗ್ರಂಥಾಲಯದ ಕೆಲಸಕ್ಕೆ ಸೇರಿದ ಮೇಲೆ ಹನ್ನೆರಡು ವರ್ಷ ಅವರ ಸಹಾಯಕಿಯಾಗಿ ದುಡಿದೆ. ಮೊನ್ನೆ ವಿನಿಮಯದ ಕಡತಗಳ ಕಪಾಟಿನ ಬೀಗದ ಕೈ ನನಗೆ ಒಪ್ಪಿಸಿದಾಗ, "ಇನ್ನು ಮುಂದೇನು ಅಕ್ಕಾ?" ಎಂದೆ. ಅವರು ಹುಡುಗಿಯಂತೆ ನಕ್ಕುಬಿಟ್ಟರು. "ಇಷ್ಟು ವರ್ಷ ಎಲ್ಲರನ್ನೂ ಕಳಿಸಿದೆ ಕಣೇ. ನಾನು ಈ ಜಿಲ್ಲೆ ದಾಟಿಲ್ಲ!" ಈ ಮಾತು ನನ್ನ ಬಾಯಿಂದ ಜಾರಿದ್ದೇ ತಡ, ದಳದಳಗಳಿಂದ ಆಹ್ವಾನಗಳು ಬಂದು ಬಿದ್ದವು. ಜಿಲ್ಲೆಯ ಒಳಗಿನ ಮೂವತ್ತೊಂದು, ಹೊರಗಿನ ಹದಿನಾಲ್ಕು, ಕಡಲಾಚೆಯ ಐದು. ಪ್ರತಿಯೊಬ್ಬರೂ ಮೂರು ವಾರಕ್ಕಿಂತ ಒಂದು ದಿನವೂ ಕಡಿಮೆ ಒಪ್ಪುತ್ತಿಲ್ಲ. ಅವರು ಹೂಂ ಅಂದಿದ್ದಾರೆ. ಹೋದಲ್ಲೆಲ್ಲ ಗಾಜು ಒಡೆಯದಂತೆ ಪೆಟ್ಟಿಗೆ ಕಟ್ಟುವುದನ್ನು ಮಕ್ಕಳಿಗೆ ಕಲಿಸುವುದಾಗಿ ಷರತ್ತನ್ನೂ ಹಾಕಿದ್ದಾರೆ. ಭಾವನವರು ಅಂಗಡಿಯನ್ನು ಮಗನಿಗೆ ವಹಿಸಿ, ತಾವೂ ಗಂಟುಮೂಟೆ ಕಟ್ಟಿದ್ದಾರೆ. ಬರುವ ಸೋಮವಾರ ಮೊದಲ ಪ್ರಯಾಣ.

ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಐವತ್ತು ದಳಗಳು, ಮೂರು ಮೂರು ವಾರ. ಮೂರು ವರ್ಷ ತುಂಬಲು ಆರೇ ವಾರ ಕಡಿಮೆ. ಆ ವೇಳೆಗೆ ಇನ್ನಷ್ಟು ದಳಗಳು ಹುಟ್ಟಿ, ಹಳೆಯವು ಎರಡನೆಯ ಸುತ್ತಿಗೆ ಹಟ ಹಿಡಿದು, ಈ ಪಟ್ಟಿ ಬೆಳೆಯುತ್ತಲೇ ಹೋಗಲಿ. ಗಂಟಕ್ಕನವರ ಆಯುಸ್ಸು ಅದನ್ನು ಹಿಂಬಾಲಿಸಿಕೊಂಡು ಹೋಗಲಿ. ಪಟ್ಟಿ ಎಂದೂ ಮುಗಿಯದಿರಲಿ.